ಬೀಗದ ಕೈ ಯಾರ ಹತ್ತಿರ?

ಜಟಿಂಗ ರಾಮೇಶ್ವರ ಬೆಟ್ಟ ಹತ್ತುವವರಲ್ಲಿ ಹೆಚ್ಚಿನವರು ಜಟಾಯುವಿನ ನೆನಪಿಗೆ ಹತ್ತುತ್ತಾರೆ. ರಾವಣನ ಜೊತೆ ಕಾದಾಡಿ ರೆಕ್ಕೆ ಕಡಿಸಿಕೊಂಡ ಹಕ್ಕಿ ಬಿದ್ದದ್ದು ಇಲ್ಲೇ ಅನ್ನುವುದು ಮೊಳಕಾಲ್ಮೂರು ಸೀಮೆಯ ನಂಬಿಕೆ. ನಾನು ಹೋದಾಗಲೆಲ್ಲ ದೇವರಿಗೆ ಕೈಮುಗಿದು, ಸ್ವಲ್ಪ ಹೊತ್ತು ಅಶೋಕನ ಶಾಸನವಿರುವ ಬಂಡೆಯ ಹತ್ತಿರ ಕೂರುತ್ತೇನೆ. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದ ಜಾಗವಾದ್ದರಿಂದ ಜನ ಅದಕ್ಕೆ ಬಳೆಗಾರ ಗುಂಡು ಅಂತಲೇ ಹೆಸರಿಟ್ಟಿದ್ದರು. 1892ರಲ್ಲಿ ಬಿ.ಎಲ್. ರೈಸ್ ಸಿದ್ದಾಪುರ, ಬ್ರಹ್ಮಗಿರಿ ಮತ್ತು ಇಲ್ಲಿಯ ಶಾಸನಗಳನ್ನು ಹೊರಜಗತ್ತಿಗೆ ತೋರಿಸಿಕೊಟ್ಟರು. ಮೂರರಲ್ಲಿ ತುಂಬ ಸವೆದಿರುವುದು ಈ ಬೆಟ್ಟದ್ದೇ. ಬ್ರಹ್ಮಗಿರಿಯ ಪಾಠ ಚೆನ್ನಾಗಿ ಉಳಿದಿರುವುದರಿಂದ ಇಲ್ಲಿ ಏನಿತ್ತು ಅನ್ನುವುದು ನಮಗೆ ತಿಳಿದಿದೆ.

ಅದರ ಮೊದಲ ಸಾಲುಗಳು ನನಗೆ ಬಹಳ ಇಷ್ಟ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ ಮತ್ತು ಅವನ ಮಹಾಮಾತ್ರರು ಇಸಿಲದಲ್ಲಿರುವ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಆಜ್ಞೆಗೆ ಮುಂಚೆ ಅವರ ಆರೋಗ್ಯ ವಿಚಾರಿಸಿದ್ದಾರೆ. ಚೆನ್ನಾಗಿದ್ದೀರಾ ಅಂತ ಕೇಳಿ, ಆಮೇಲೆ ಮಾಡಬೇಕಾದ ಕೆಲಸ ಹೇಳಿದ್ದಾರೆ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದುಕೊಂಡಿದ್ದಾನೆ. ದೊರೆ, ದೊರೆಯ ಪ್ರತಿನಿಧಿ, ಊರಿನ ಅಧಿಕಾರಿ, ಬರಹಗಾರ, ಕೇಳುವ ಜನ. ಸರ್ಕಾರ ಅನ್ನುವ ಸರಪಳಿಯ ಕೊಂಡಿಗಳೆಲ್ಲ ಈ ಒಂದು ಬಂಡೆಯ ಮೇಲಿವೆ. ಇವುಗಳಲ್ಲಿ ಒಂದು ಕಳಚಿದರೂ ಕಚೇರಿಯ ಬಾಗಿಲು ಮುಚ್ಚುತ್ತದೆ. ಮುಚ್ಚಿದ ಬಾಗಿಲನ್ನು ತೆಗೆಯುವ ಹೊಣೆ ಯಾರದು ಅನ್ನುವ ಪ್ರಶ್ನೆ ಕೆಲವು ವರ್ಷಗಳಿಂದ ನನ್ನನ್ನು ಬಿಟ್ಟಿಲ್ಲ.

ಈ ಪ್ರಶ್ನೆ ಜಗತ್ತಿನ ಕಿವಿಗೆ ಬಿದ್ದದ್ದು ಅಮೆರಿಕದಿಂದ. ಅಲ್ಲಿ ಅಕ್ಟೋಬರ್ 1ಕ್ಕೆ ಹೊಸ ಆರ್ಥಿಕ ವರ್ಷ. ಅಷ್ಟರೊಳಗೆ ಕಾಂಗ್ರೆಸ್ ಖರ್ಚಿಗೆ ಒಪ್ಪಿಗೆ ಕೊಡದಿದ್ದರೆ ಒಕ್ಕೂಟ ಸರ್ಕಾರದ ಕಚೇರಿಗಳು ಮುಚ್ಚುತ್ತವೆ. 1995–96ರಲ್ಲಿ 21 ದಿನ, 2018–19ರಲ್ಲಿ 35 ದಿನ, 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಹೀಗಾಯಿತು. ಒಪ್ಪಿಗೆ ಇಲ್ಲದೆ ಖರ್ಚು ಮಾಡಬಾರದು ಅನ್ನುವ ಕಾಯ್ದೆ 1884ರಿಂದಲೇ ಇದ್ದರೂ, ಬಹಳ ಕಾಲ ಕಚೇರಿಗಳು ಹೇಗೋ ಸುಧಾರಿಸಿಕೊಂಡು ನಡೆಯುತ್ತಿದ್ದವು. 1980 ಮತ್ತು 1981ರಲ್ಲಿ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಕೊಟ್ಟ ಕಾನೂನು ಅಭಿಪ್ರಾಯಗಳ ನಂತರವೇ ಬಾಗಿಲು ಮುಚ್ಚುವುದು ರೂಢಿಯಾದದ್ದು. ಮಳೆ ಬಾರದೆ ಬರ ಬಿದ್ದ ಹಾಗೆ ಬರುವ ಕಷ್ಟ ಇದಲ್ಲ. ಮನುಷ್ಯರು ಕೂತು ಬರೆದ ಕಾಗದದಿಂದ ಬಂದದ್ದು, ಮನುಷ್ಯರು ಕೂತು ಬರೆದರೆ ಹೋಗುವಂಥದ್ದು.

2025ರ ಜಗಳ ಆರೋಗ್ಯ ವಿಮೆಗೆ ಸರ್ಕಾರ ಕೊಡುವ ಸಹಾಯಧನದ ಬಗ್ಗೆ. ಅಧ್ಯಕ್ಷರೂ ಎರಡೂ ಸದನಗಳ ಬಹುಮತವೂ ರಿಪಬ್ಲಿಕನ್ ಪಕ್ಷದ್ದು. ಆದರೆ ಸೆನೆಟ್ಟಿನಲ್ಲಿ ಮಸೂದೆ ಮುಂದೆ ಹೋಗಲು 60 ಮತ ಬೇಕು, ಅಷ್ಟು ಅವರಲ್ಲಿ ಇರಲಿಲ್ಲ. ಆಳುವ ನೀವೇ ತೆಗೆಯಿರಿ ಅಂತ ಇವರು, ತಡೆದ ನೀವೇ ತೆಗೆಯಿರಿ ಅಂತ ಅವರು. ಲಕ್ಷಾಂತರ ನೌಕರರು ಸಂಬಳವಿಲ್ಲದೆ ಮನೆಯಲ್ಲಿ ಕೂತರು, ಇನ್ನೂ ಲಕ್ಷಾಂತರ ಜನ ಸಂಬಳವಿಲ್ಲದೆ ಕೆಲಸಕ್ಕೆ ಹೋದರು. ವಿಮಾನಗಳಿಗೆ ದಾರಿ ತೋರಿಸುವ ಸಿಬ್ಬಂದಿಯೂ ಅವರಲ್ಲಿದ್ದರು. ಎಚ್-1ಬಿ ವೀಸಾಕ್ಕೆ ಮೊದಲು ಬೇಕಾಗುವ ಎಲ್‌ಸಿಎ ಅರ್ಜಿಗಳನ್ನು ಕಾರ್ಮಿಕ ಇಲಾಖೆ ತಿಂಗಳಿಡೀ ಮುಟ್ಟಲಿಲ್ಲ. ಮಗನೋ ಮಗಳೋ ಅಲ್ಲಿರುವ ನಮ್ಮ ಕಡೆಯ ಮನೆಗಳಲ್ಲೂ ಆ ಅಕ್ಟೋಬರ್ ಸುಖವಾಗಿರಲಿಲ್ಲ. ಕೊನೆಗೆ ವಿರೋಧ ಪಕ್ಷದ ಗುಂಪಿನಿಂದ ಎಂಟು ಸೆನೆಟರುಗಳು ಆ ಕಡೆ ಮತ ಹಾಕಿದ್ದರಿಂದ ಬಾಗಿಲು ತೆರೆಯಿತು. ಅವರು ಕೇಳಿದ್ದ ಸಹಾಯಧನ ಅದರಲ್ಲಿ ಸಿಗಲಿಲ್ಲ. ಆ ಎಂಟು ಜನರನ್ನು ಸ್ವಂತ ಪಕ್ಷದವರೇ ಬೈದರು. ಯಾರು ಮೊದಲು ಕೈ ಚಾಚುತ್ತಾರೋ ಅವರಿಗೇ ಸೋಲಿನ ಪಟ್ಟ. ಇದೇ ಈ ಇಡೀ ವ್ಯವಹಾರದ ರೋಗ ಅಂತ ನನಗನ್ನಿಸುತ್ತದೆ. ಆ ಭಯಕ್ಕೇ ಬಾಗಿಲು 43 ದಿನ ಮುಚ್ಚಿತ್ತು.

ನಮ್ಮಲ್ಲಿ ಹಾಗಾಗುವುದಿಲ್ಲ ಅನ್ನುತ್ತಾರೆ. ಬಹುಮಟ್ಟಿಗೆ ನಿಜ. ಸಂವಿಧಾನದ 266ನೇ ವಿಧಿಯ ಪ್ರಕಾರ ಶಾಸನಸಭೆಯ ಒಪ್ಪಿಗೆ ಇಲ್ಲದೆ ಸಂಚಿತ ನಿಧಿಯಿಂದ ಒಂದು ರೂಪಾಯಿಯೂ ಹೊರಬರಬಾರದು. ಅಷ್ಟರ ಮಟ್ಟಿಗೆ ಅವರ ಬಿಗಿಯೂ ನಮ್ಮ ಬಿಗಿಯೂ ಒಂದೇ. ಆದರೆ ಇಲ್ಲಿ ಹಣದ ಮಸೂದೆ ಬಿದ್ದರೆ ಸರ್ಕಾರವೂ ಬೀಳುತ್ತದೆ. ಬಿದ್ದ ಜಾಗದಲ್ಲಿ ಇನ್ನೊಂದು ಬರುತ್ತದೆ, ಇಲ್ಲದಿದ್ದರೆ ಚುನಾವಣೆ ಬರುತ್ತದೆ, ಅದೂ ಆಗದಿದ್ದರೆ ರಾಷ್ಟ್ರಪತಿ ಆಳ್ವಿಕೆಯಲ್ಲಿ ಸಂಸತ್ತು ರಾಜ್ಯದ ಖರ್ಚಿಗೆ ಒಪ್ಪಿಗೆ ಕೊಡುತ್ತದೆ. ನಡುವಿನ ತಿಂಗಳುಗಳಿಗೆ 206ನೇ ವಿಧಿಯ ಲೇಖಾನುದಾನವಿದೆ. ಬೀಗದ ಕೈ ಯಾರ ಹತ್ತಿರ ಅನ್ನುವ ಗೊಂದಲವೇ ಬಾರದ ಹಾಗೆ, ಬಹುಮತ ಇರುವವನ ಸೊಂಟಕ್ಕೇ ಅದನ್ನು ಕಟ್ಟಿದ್ದಾರೆ.

ಆದರೂ ಕರ್ನಾಟಕ ಒಮ್ಮೆ ಆ ಅಂಚಿಗೆ ಹೋಗಿ ಬಂದಿದೆ. 2019ರ ಫೆಬ್ರವರಿ 8ರಂದು ಎಚ್.ಡಿ. ಕುಮಾರಸ್ವಾಮಿ ಬಜೆಟ್ ಮಂಡಿಸಿದರು. ಪೂರ್ತಿ ವರ್ಷದ ಒಪ್ಪಿಗೆ ಆಗಿರಲಿಲ್ಲ, ಖರ್ಚಿಗೆ ಜುಲೈ 31ರ ಗಡುವಿತ್ತು. ಜುಲೈ ಬಂತು, ಆಳುವ ಮೈತ್ರಿಯ ಶಾಸಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಬರೆದು ಮುಂಬೈಯ ಹೋಟೆಲು ಸೇರಿದರು. 18ರಂದು ಶುರುವಾದ ವಿಶ್ವಾಸಮತದ ಚರ್ಚೆ 23ರವರೆಗೆ ಎಳೆಯಿತು. 99ಕ್ಕೆ 105ರಲ್ಲಿ ಸರ್ಕಾರ ಬಿತ್ತು. 26ಕ್ಕೆ ಬಿ.ಎಸ್. ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಸಂಬಳ ಕೊಡುವುದಕ್ಕೂ ಖಜಾನೆಗೆ ಕೈ ಹಾಕುವ ಅಧಿಕಾರ ಮುಗಿಯಲು ಐದು ದಿನ ಉಳಿದಿತ್ತು. 29ರಂದು ವಿಶ್ವಾಸಮತ, ಅದೇ ದಿನ ಹಣಕಾಸಿನ ಒಪ್ಪಿಗೆ, ಅದು ಮುಗಿದ ಮೇಲೆ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅವರ ರಾಜೀನಾಮೆ.

ಆ ದಿನದ ಬಗ್ಗೆ ಬರೆದವರೆಲ್ಲ ಯಾರು ಗೆದ್ದರು, ಯಾರು ಸೋತರು ಅಂತ ಬರೆದರು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಒಂದು ವಾರದ ಹಿಂದೆ ಅಧಿಕಾರ ಕಳೆದುಕೊಂಡ ಪಕ್ಷಗಳು ಹಣದ ಮಸೂದೆಗೆ ಅಡ್ಡ ಮಲಗಲಿಲ್ಲ. ಹೊಸ ಮುಖ್ಯಮಂತ್ರಿ ಹಳೆಯ ಸರ್ಕಾರ ತಯಾರಿಸಿದ್ದ ಲೆಕ್ಕವನ್ನೇ ಸದನದ ಮುಂದಿಟ್ಟರು. ಅಷ್ಟು ಕಹಿಯಿದ್ದರೂ, ಆಗಸ್ಟ್ ಒಂದನೇ ತಾರೀಕು ಶಾಲೆಯ ಮೇಷ್ಟರಿಗೆ ಸಂಬಳ ಆಗಬೇಕು ಅನ್ನುವುದರಲ್ಲಿ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯ ಇರಲಿಲ್ಲ. ಆ ಶಾಸನಸಭೆಯ ಬಗ್ಗೆ ಒಳ್ಳೆಯ ಮಾತು ಹೇಳುವ ಸಂದರ್ಭ ಕಡಿಮೆ, ಸಿಕ್ಕ ಇದೊಂದನ್ನು ನಾನು ಬಿಡಲಾರೆ.

ಅದರ ಬೆನ್ನಿಗೇ ಇನ್ನೊಂದು ಬಗೆಯ ಮುಚ್ಚುವಿಕೆ ನಡೆಯಿತು. ಜುಲೈ 26ರಿಂದ ಆಗಸ್ಟ್ 20ರವರೆಗೆ ರಾಜ್ಯದಲ್ಲಿ ಮುಖ್ಯಮಂತ್ರಿ ಬಿಟ್ಟು ಒಬ್ಬ ಮಂತ್ರಿಯೂ ಇರಲಿಲ್ಲ. ಅದೇ ಆಗಸ್ಟಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಹೊಳೆ ಊರೊಳಗೆ ನುಗ್ಗಿತು. 20ಕ್ಕೆ ಪ್ರಮಾಣ ಮಾಡಿದ 17 ಜನರಲ್ಲಿ ಆಗಿನ ನಮ್ಮ ಮೊಳಕಾಲ್ಮೂರಿನ ಶಾಸಕ ಬಿ. ಶ್ರೀರಾಮುಲು ಒಬ್ಬರು. ಅಲ್ಲಿಯವರೆಗೆ ಆರೋಗ್ಯಕ್ಕೆ, ಕಂದಾಯಕ್ಕೆ, ನೀರಾವರಿಗೆ ಪ್ರತ್ಯೇಕ ಮಂತ್ರಿ ಇಲ್ಲ. ಇಲ್ಲಿ ಹೊಣೆ ಯಾರದು ಅನ್ನುವುದಕ್ಕೆ ಬಹಳ ಯೋಚಿಸಬೇಕಿಲ್ಲ. ಪಟ್ಟಿ ಬರೆಯಬೇಕಾದವರು ಬರೆಯಬೇಕಿತ್ತು, ಒಪ್ಪಬೇಕಾದ ಹೈಕಮಾಂಡ್ ಒಪ್ಪಬೇಕಿತ್ತು.

ನಮ್ಮ ಜನ ಕಣ್ಣಾರೆ ಕಾಣುವ ಶಟ್‌ಡೌನ್ ಮುಷ್ಕರ. 2023ರ ಮಾರ್ಚ್ 1, ಬುಧವಾರ. ರಾಜ್ಯ ಸರ್ಕಾರಿ ನೌಕರರು ಅನಿರ್ದಿಷ್ಟ ಕಾಲ ಕೆಲಸಕ್ಕೆ ಹೋಗುವುದಿಲ್ಲ ಅಂದರು. ಐದು ವರ್ಷಕ್ಕೊಮ್ಮೆ ಸಂಬಳ ಪರಿಷ್ಕರಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹಿಂದಿನದು 2017ರ ಜುಲೈನಿಂದ ಲೆಕ್ಕ, ಅಂದಮೇಲೆ ಮುಂದಿನದು 2022ರ ಜುಲೈಗೆ. ಸುಧಾಕರ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗ ನೇಮಕವಾದದ್ದೇ ಆ ವರ್ಷದ ನವೆಂಬರಿನಲ್ಲಿ. ಹಳೆಯ ಪಿಂಚಣಿ ಬೇಕು ಅನ್ನುವುದು ಇನ್ನೊಂದು ಬೇಡಿಕೆ.

ಅಂದು ನಾನು ಒಂದು ತಾಲ್ಲೂಕು ಕಚೇರಿಯ ಮುಂದೆ ಇದ್ದೆ. ಬೇವಿನ ಮರದ ಕೆಳಗೆ ಅರ್ಜಿ ಬರೆಯುವವರ ಎರಡು ಮೇಜು, ಆಚೆ ಜೆರಾಕ್ಸ್ ಅಂಗಡಿ, ಈಚೆ ಮಂಡಕ್ಕಿ ಮೆಣಸಿನಕಾಯಿಯ ಗಾಡಿ. ಕಚೇರಿಯ ಜಾಲರಿ ಬಾಗಿಲಿಗೆ ಬೀಗ. ಒಬ್ಬ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಆಧಾರ್ ಕಾರ್ಡಿನ ಜೆರಾಕ್ಸು, ಅಂಚೆ ಪಾಸ್‌ಬುಕ್ಕು, ಎರಡು ಪಾಸ್‌ಪೋರ್ಟ್ ಸೈಜಿನ ಫೋಟೋ. ಸಂಧ್ಯಾ ಸುರಕ್ಷಾ ಹಣ ನಾಲ್ಕು ತಿಂಗಳಿಂದ ನಿಂತಿತ್ತಂತೆ.

“ಇವತ್ತು ಬಾಗ್ಲು ತೆಗೆಯಾದೇ ಇಲ್ವೇನಪ್ಪಾ?” ಅಂತ ಕೇಳಿದಳು.

“ಸ್ಟ್ರೈಕ್ ಐತೆ ಕಣವ್ವ. ಯಾವಾಗ ಮುಗೀತೈತೋ ಗೊತ್ತಿಲ್ಲ” ಅಂದರು ಅರ್ಜಿ ಬರೆಯುವವರು.

“ಯಾರು ಮುಗುಸ್ಬೇಕು?”

ಅವರು ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಉತ್ತರ ಹೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೋನುಗಳಲ್ಲಿ ಸುದ್ದಿ ಬಂತು. ಮೂಲ ವೇತನದ ಶೇ 17ರಷ್ಟು ಮಧ್ಯಂತರ ಪರಿಹಾರ ಏಪ್ರಿಲ್ 1ರಿಂದ, ಪಿಂಚಣಿ ಅಧ್ಯಯನಕ್ಕೆ ಒಂದು ಸಮಿತಿ. ಆದೇಶ ಹೊರಬಿತ್ತು, ಸಂಘದ ಅಧ್ಯಕ್ಷ ಸಿ.ಎಸ್. ಷಡಾಕ್ಷರಿ ಮುಷ್ಕರ ಹಿಂತೆಗೆದುಕೊಂಡರು. ಅಷ್ಟು ಹೊತ್ತಿಗೆ ಅಜ್ಜಿ ಊರಿನ ಬಸ್ಸು ಹತ್ತಿಯಾಗಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಆ ಮಾತಿನ ಕೂಸನ್ನು ನಾನು ಆ ದಿನ ಕಣ್ಣಿಂದ ನೋಡಿದೆ.

ಬೆಳಿಗ್ಗೆ ಸಾಧ್ಯವಿಲ್ಲದ ಆದೇಶ ಮಧ್ಯಾಹ್ನಕ್ಕೆ ಸಾಧ್ಯವಾಯಿತು. ಹಾಗಾದರೆ ಅದು ಹಿಂದಿನ ಸಂಜೆಯೂ ಸಾಧ್ಯವಿತ್ತು, ಹಿಂದಿನ ವಾರವೂ ಸಾಧ್ಯವಿತ್ತು. ಖಜಾನೆಯಲ್ಲಿ ಆ ಮೂರು ನಾಲ್ಕು ತಾಸಿನಲ್ಲಿ ಹೊಸ ಹಣವೇನೂ ಬಂದಿರಲಿಲ್ಲ. ನನ್ನ ಇಡೀ ವಾದ ನಿಂತಿರುವುದು ಈ ಒಂದು ಮಧ್ಯಾಹ್ನದ ಮೇಲೆ. ಯಾರು ಮುಚ್ಚಿದರು ಅನ್ನುವುದಕ್ಕಿಂತ ಯಾರ ಒಂದು ಸಹಿಯಿಂದ ತೆರೆಯಬಹುದಿತ್ತು ಅನ್ನುವುದನ್ನು ಕೇಳಬೇಕು. ಸಹಿ ಮಾಡಬಲ್ಲವನೇ ಮೊದಲ ಹೊಣೆಗಾರ. ಬೇಡಿಕೆ ಹೆಚ್ಚಾಯಿತು ಅನ್ನಿಸಿದರೆ ಅದಕ್ಕೆ ಕಾರಣ ಬರೆದು ಜನರ ಮುಂದಿಡುವುದೂ ಅವನದೇ ಕೆಲಸ. ತಾರೀಕು ಗೊತ್ತಿದ್ದೂ ಕೊನೆಯ ಗಳಿಗೆಯವರೆಗೆ ಕೈ ಕಟ್ಟಿ ಕೂತವನು, ಬಾಗಿಲಿಗೆ ಬೀಗ ಹಾಕಿದವನು ನಾನಲ್ಲ ಅಂದರೆ ಒಪ್ಪಲಾಗದು.

ಆಯೋಗ 2024ರ ಮಾರ್ಚಿನಲ್ಲಿ ವರದಿ ಕೊಟ್ಟಿತು, ಆ ಹೊತ್ತಿಗೆ ಸರ್ಕಾರ ಬದಲಾಗಿತ್ತು, ಆಗಸ್ಟ್ 1ರಿಂದ ಹೊಸ ಸಂಬಳ ಜಾರಿಯಾಯಿತು.

ನೌಕರರ ಕಡೆಯ ಹೊಣೆಯನ್ನು ನಾನು ಮರೆತಿಲ್ಲ. ಆದರೆ ಎಲ್ಲ ನೌಕರರೂ ಒಂದೇ ಬಲದವರಲ್ಲ. ಲಕ್ಷಗಟ್ಟಲೆ ಕಾಯಂ ನೌಕರರು ಕೂತರೆ ಅರ್ಧ ದಿನದಲ್ಲಿ ಆದೇಶ ಬರುತ್ತದೆ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ನಾಲ್ಕು ದಿನ ಕೂತರು. ತಿಂಗಳಿಗೆ 10,000 ರೂಪಾಯಿ ಖಚಿತ ಅನ್ನುವ ಭರವಸೆ ಸಿಕ್ಕ ಮೇಲೆ ಎದ್ದರು. ನಮ್ಮ ಹಟ್ಟಿಗಳಲ್ಲಿ ಬಸುರಿಯರ ಮನೆ ಬಾಗಿಲಿಗೆ ಹೋಗುವವರು ಅವರೇ. ಅವರು ಎದ್ದುಹೋದರೆ ಅಲ್ಲಿ ಸರ್ಕಾರವೇ ಎದ್ದುಹೋದಂತೆ. ಮುಷ್ಕರ ಮುಗಿಸುವ ಹೊಣೆಯನ್ನು ಅವರ ತಲೆಗೆ ಕಟ್ಟುವವರು, ಅವರನ್ನು ಸರ್ಕಾರಿ ನೌಕರರೆಂದು ಯಾವ ಕಾಗದದಲ್ಲೂ ಒಪ್ಪಿಲ್ಲ ಅನ್ನುವುದನ್ನು ಮೊದಲು ನೆನೆಯಲಿ.

2024ರ ಸೆಪ್ಟೆಂಬರ್ ಕೊನೆಯಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಕೆಲಸ ನಿಲ್ಲಿಸಿದರು, 2025ರ ಫೆಬ್ರವರಿಯಲ್ಲಿ ಮತ್ತೆ. ಅವರ ದೂರು ಮೊಬೈಲ್ ಆ್ಯಪ್‌ಗಳದ್ದು. ಬೆಳೆ, ಪೌತಿ ಖಾತೆ, ಆಧಾರ್ ಜೋಡಣೆ, ಒತ್ತುವರಿ ಎಲ್ಲಕ್ಕೂ ಒಂದೊಂದು ಆ್ಯಪ್, ಕೂರಲು ಸರಿಯಾದ ಕೋಣೆ ಇಲ್ಲ. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಬೇಲಿಯ ಪಕ್ಕ ಫೋನು ಮೇಲೆತ್ತಿ ಹಿಡಿದು ನಿಂತ ಇಂಥವರನ್ನು ನಾನು ಚಳ್ಳಕೆರೆ ಕಡೆಯ ಶೇಂಗಾ ಹೊಲಗಳಲ್ಲಿ ನೋಡಿದ್ದೇನೆ. ಇಸಿಲದ ಮಹಾಮಾತ್ರರಿಗೆ ಆಜ್ಞೆಗೆ ಮುಂಚೆ ಕುಶಲ ಕೇಳಿದ್ದರು. ಇವರಿಗೆ ಆಜ್ಞೆ ಮಾತ್ರ ಬರುತ್ತದೆ, ಅದೂ ಗಂಟೆಗೊಂದು.

ಇದೇ ಸೀಮೆಯ ನಾಯಕನಹಟ್ಟಿಯಲ್ಲಿ ಕೆರೆ ಕಟ್ಟಿಸಿದ ತಿಪ್ಪೇರುದ್ರಸ್ವಾಮಿಯ ಹೆಸರಿನಲ್ಲಿ ಜನ ಇವತ್ತಿಗೂ ಹೇಳುವ ಮಾತು, ಮಾಡಿದಷ್ಟು ನೀಡು ಭಿಕ್ಷೆ. ದುಡಿದವರಿಗೆ ದುಡಿದಷ್ಟು ಕೊಡು ಅಂತ. ಕೆಲಸ ಮುಗಿದ ಹದಿನೈದು ದಿನದೊಳಗೆ ಕೂಲಿ ಕೊಡಬೇಕು ಅಂತ ನರೇಗಾ ಕಾಯ್ದೆ ಬರೆದದ್ದು 2005ರಲ್ಲಿ. ಹಟ್ಟಿ ತಿಪ್ಪೇಶನ ಜಾತ್ರೆಗೆ ಹೋಗುವವರಿಗೆ ಆ ನ್ಯಾಯ ಮೊದಲೇ ಗೊತ್ತಿತ್ತು.

ಬಸ್ಸುಗಳ ಕಥೆ ಇನ್ನಷ್ಟು ಉದ್ದ. ಸಾರಿಗೆ ನಿಗಮಗಳ ನೌಕರರು 2020ರ ಡಿಸೆಂಬರಿನಲ್ಲಿ ನಾಲ್ಕು ದಿನ, 2021ರ ಏಪ್ರಿಲ್ 7ರಿಂದ 21ರವರೆಗೆ ಎರಡು ವಾರ ಬಸ್ಸು ತೆಗೆಯಲಿಲ್ಲ. ಆರನೇ ವೇತನ ಆಯೋಗದ ಸಂಬಳ ತಮಗೂ ಬೇಕು ಅಂದರು. ಸರ್ಕಾರ ವಜಾ, ಅಮಾನತು, ವರ್ಗಾವಣೆ ಅಂದಿತು, ಖಾಸಗಿ ಬಸ್ಸು ಬಿಟ್ಟಿತು. ಕೊರೊನಾದ ಎರಡನೇ ಅಲೆ ಏಳುತ್ತಿದ್ದ ಹೊತ್ತು. ಕೊನೆಗೆ ಹೈಕೋರ್ಟ್ ಹೇಳಿದ ಮೇಲೆ ಬಸ್ಸುಗಳು ಹೊರಟವು. 2025ರ ಆಗಸ್ಟ್ 5ರಂದು 38 ತಿಂಗಳ ಬಾಕಿ ಕೇಳಿ ಮತ್ತೆ ಬಸ್ಸು ನಿಂತವು. ಈ ಸಲವೂ ಹೈಕೋರ್ಟೇ ಮಧ್ಯೆ ಬಂದು, ಅದೇ ದಿನ ಮುಷ್ಕರ ನಿಂತಿತು.

ನ್ಯಾಯಾಲಯವೇ ಮುಗಿಸಲಿ ಅನ್ನುವವರಿದ್ದಾರೆ. ಅವರು ನೆನೆಯಬೇಕಾದದ್ದು 2003ರ ತಮಿಳುನಾಡು. ಜಯಲಲಿತಾ ಸರ್ಕಾರ ಮುಷ್ಕರ ಹೂಡಿದ ಒಂದೂಮುಕ್ಕಾಲು ಲಕ್ಷದಷ್ಟು ನೌಕರರನ್ನು ಒಂದೇ ಏಟಿಗೆ ವಜಾ ಮಾಡಿತು. ಟಿ.ಕೆ. ರಂಗರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆಗಸ್ಟ್ 6ರಂದು, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಿಲ್ಲ ಅಂದಿತು. ಬಹುಪಾಲು ಜನ ಕ್ಷಮೆ ಬರೆದುಕೊಟ್ಟು ವಾಪಸ್ಸು ಸೇರಿದರು. ಕಚೇರಿ ತೆರೆದವು, ಹೌದು. ಆದರೆ ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನ್ಯಾಯಾಲಯ ಕೆಲಸಕ್ಕೆ ಹೋಗು ಅನ್ನಬಲ್ಲದು. ಸಂಬಳ ಎಷ್ಟಾಗಬೇಕು ಅಂತ ಕೂತು ಮಾತಾಡುವುದು ಅದರ ಕೆಲಸವಾಗಲಾರದು. 2021ರಲ್ಲಿ ನಿಂತ ಬಸ್ಸು 2025ರಲ್ಲಿ ಮತ್ತೆ ನಿಂತದ್ದು ಅದಕ್ಕೇ. ಸರ್ಕಾರಗಳು ನ್ಯಾಯಾಲಯದ ಮೆಟ್ಟಿಲು ಹತ್ತುವುದನ್ನೇ ಒಂದು ಆಡಳಿತ ಕ್ರಮ ಅಂದುಕೊಂಡಿರುವುದು ನನಗೆ ನಿಜಕ್ಕೂ ನೋವಿನ ವಿಷಯ.

ಇಷ್ಟೆಲ್ಲ ಗದ್ದಲವಿರುವ ಮುಚ್ಚುವಿಕೆಗಳು. ಎಲ್ಲಕ್ಕಿಂತ ಉದ್ದದ್ದು ಸದ್ದಿಲ್ಲದೆ ನಡೆಯಿತು. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ಆದದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮುಂಚೆಯೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243-ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ಹಿಂದುಳಿದ ವರ್ಗಗಳ ಮೀಸಲಾತಿಗೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಬಂತು. ಹೈಕೋರ್ಟಿನಲ್ಲಿ ಗಡುವಿನ ಮೇಲೆ ಗಡುವು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂತು. 2025 ಮುಗಿಯುವಾಗಲೂ ಚುನಾವಣೆ ಇಲ್ಲ. ಆಗಿನ ಬೆಂಗಳೂರು ಮಹಾನಗರ ಪಾಲಿಕೆಯದ್ದೂ ಇದೇ ಹಾಡು, ಅಲ್ಲಿ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ.

ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯ್ದೆಯಿಂದ ಇಡೀ ದೇಶಕ್ಕೆ ದಾರಿ ತೋರಿಸಿದ ರಾಜ್ಯ ಇದು. ಹಳ್ಳಿಗೆ ಕೊಳವೆಬಾವಿ ಕೊರೆಸಿ ನೀರ್‌ಸಾಬ್ ಅನ್ನಿಸಿಕೊಂಡವರ ರಾಜ್ಯದಲ್ಲಿ, ಕುಡಿಯುವ ನೀರಿನ ಕ್ರಿಯಾಯೋಜನೆಗೆ ಕೈ ಎತ್ತುವ ಸದಸ್ಯರೇ ಇಲ್ಲದೆ ವರ್ಷಗಳು ಕಳೆದವು. ಅಧಿಕಾರಿಗಳು ಆಡಳಿತಾಧಿಕಾರಿ ಅನ್ನುವ ಹೆಸರಲ್ಲಿ ಕೂತು ಕಡತಕ್ಕೆ ಸಹಿ ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಚಳ್ಳಕೆರೆ, ಮೊಳಕಾಲ್ಮೂರಿನಂಥ ಬರದ ತಾಲ್ಲೂಕಿನಲ್ಲಿ, ನಮ್ಮೂರಿಗೆ ಟ್ಯಾಂಕರ್ ಯಾಕೆ ಬರಲಿಲ್ಲ ಅಂತ ತಡೆದು ನಿಲ್ಲಿಸಿ ಕೇಳುವುದಕ್ಕೆ ಜನರಿಗೆ ತಮ್ಮವರೊಬ್ಬರು ಬೇಕು. ಅಮೆರಿಕದಲ್ಲಿ 43 ದಿನಕ್ಕೆ ಜಗತ್ತಿನ ಪತ್ರಿಕೆಗಳೆಲ್ಲ ಮೊದಲ ಪುಟ ಕೊಟ್ಟವು. ಇಲ್ಲಿ ನಾಲ್ಕು ವರ್ಷ ದಾಟಿದ್ದಕ್ಕೆ ಒಳಪುಟದ ಒಂದು ಕಾಲಂ. ಯಾಕೆಂದರೆ ಕಚೇರಿಯ ಬಾಗಿಲು ತೆರೆದೇ ಇತ್ತು, ಮುಚ್ಚಿದ್ದು ಸಭೆಯ ಬಾಗಿಲು.

ಇಲ್ಲಿ ಎದುರಾಳಿಯೂ ಇಲ್ಲ, ಬೇಡಿಕೆಯೂ ಇಲ್ಲ, ಮುಷ್ಕರವೂ ಇಲ್ಲ. ಆದ್ದರಿಂದ ಹೊಣೆ ಹಂಚಿಹಾಕುವ ನೆಪಕ್ಕೂ ಜಾಗವಿಲ್ಲ. ಅದು ರಾಜ್ಯ ಸರ್ಕಾರದ್ದು, ಆಗ ಇದ್ದ ಸರ್ಕಾರದ್ದೂ ಆಮೇಲೆ ಬಂದ ಸರ್ಕಾರದ್ದೂ. ಅಧಿಕಾರ ಹಂಚಿಕೊಳ್ಳಲು ಮನಸ್ಸಿಲ್ಲದ ಶಾಸಕರದ್ದೂ ಹೌದು, ಅವರು ಯಾವ ಪಕ್ಷದವರಾದರೂ ಸರಿ. ನಮ್ಮ ಪಾಲೂ ಇದೆ. ಬಸ್ಸು ಒಂದು ದಿನ ನಿಂತರೆ ಬೀದಿಗಿಳಿಯುವ ನಾವು, ನಮ್ಮ ಮತದ ಪೆಟ್ಟಿಗೆ ವರ್ಷಗಟ್ಟಲೆ ಬಾರದಿದ್ದಾಗ ಯಾಕೆ ಅಂತ ಕೇಳಲಿಲ್ಲ.

ಅಶೋಕನ ಶಾಸನದಲ್ಲಿ ಸಣ್ಣವರೂ ದೊಡ್ಡವರೂ ಸಮನಾಗಿ ಪ್ರಯತ್ನಪಡಲಿ ಅನ್ನುವ ಅರ್ಥದ ಮಾತಿದೆ. ನಾನು ಅದನ್ನು ಹೀಗೆ ಓದುತ್ತೇನೆ: ಪ್ರಯತ್ನ ಇಬ್ಬರದ್ದು, ಆದರೆ ಆಜ್ಞೆ ಹೊರಟದ್ದು ಸುವರ್ಣಗಿರಿಯಿಂದ. ಮೊದಲು ಮಾತಾಡಿದವರು ದೊಡ್ಡವರು.

ಇತ್ತೀಚೆಗೆ ಒಂದು ತಾಲ್ಲೂಕು ಪಂಚಾಯಿತಿಯ ಸಭಾಂಗಣಕ್ಕೆ ಹೋಗಿದ್ದೆ. ಕುರ್ಚಿಗಳನ್ನು ಗೋಡೆಗೆ ಸರಿಸಿ, ಮೇಲೆ ಹಾಳೆ ಹೊದಿಸಿದ್ದರು. ಬಾಗಿಲ ಪಕ್ಕದಲ್ಲಿ ಅಧ್ಯಕ್ಷರ ಹೆಸರುಗಳ ಮರದ ಫಲಕ, ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರ. ಹೆಸರು, ಎಂದಿನಿಂದ, ಎಂದಿನವರೆಗೆ. ಕೊನೆಯ ಸಾಲಿನ ಕೊನೆಯ ಮನೆಯಲ್ಲಿ 2021 ಅಂತಿತ್ತು. ಅದರ ಕೆಳಗೆ ಪೇಂಟರು ಮುಂದಿನವರಿಗೆಂದು ಪೆನ್ಸಿಲಿನಲ್ಲಿ ಎಳೆದಿಟ್ಟಿದ್ದ ಗೆರೆಗಳು ಹಾಗೇ ಇದ್ದವು.